ಅಳಿಯನ ಅಳತೆ

ಸ್ವೆಟರಮ್ಮನ ಹತ್ತಿರ ಅಳತೆ ಕೊಡುವ ಗೋಜೇ ಇಲ್ಲ. ಮನೆಯ ಮುಂದಿನ ಕೋಣೆಯೇ ಅವಳು ಸ್ವೆಟರು ಹೆಣೆದು ಕೊಡುವ ಅಂಗಡಿ. ಬಂದವರನ್ನು ಬಾಗಿಲಲ್ಲಿ ಒಮ್ಮೆ ನೋಡಿದರೆ ಸಾಕು, ಎಷ್ಟು ಕುಣಿಕೆ ಹಾಕಬೇಕೆಂದು ಕೈಗೇ ಗೊತ್ತಾಗುತ್ತಿತ್ತು. ಅಂಥವಳು ಒಂದೇ ಒಂದು ತೋಳಿಲ್ಲದ ಸ್ವೆಟರಿಗೆ ಇಡೀ ಚಳಿಗಾಲ ಒದ್ದಾಡಿದಳು. ಯಾರಿಗೆ ಅಂತೀರಿ? ಅಳಿಯನಿಗೆ!

ಮಗಳು ಮೆಚ್ಚಿ ಮದುವೆಯಾದ ಆ ಅಳಿಯ ಆಫ್ರಿಕಾದವನು. ನೆಂಟರು ಏನಂದಾರೋ ಎಂದು ಇವಳು ಹೆದರಿದಳು. ಆಮೇಲೆ ಆ ಹೆದರಿಕೆಯನ್ನೇ ಸಿಟ್ಟು ಅಂದುಕೊಂಡಳು. ಅವನು ಕನ್ನಡ ಕಲಿತು ಬಾಯ್ತುಂಬ "ಅತ್ತೆ" ಎಂದರೂ ಇವಳು ಒಮ್ಮೆಯಾದರೂ ಮುಖ ಕೊಟ್ಟು ಮಾತಾಡಿದ್ದಿಲ್ಲ. ಬೀಗಿತ್ತಿ ಮದುವೆಗೆಂದು ತಾನೇ ನೇಯ್ದು ಕಳಿಸಿದ ಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು. ಈಗ ಆ ಬೀಗಿತ್ತಿ ತೀರಿಕೊಂಡಿದ್ದರು. ರಜೆ ಸಿಗದೆ ಅಳಿಯನಿಗೆ ತಾಯಿಯ ಮುಖ ನೋಡಲೂ ಆಗಲಿಲ್ಲ.

ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅಮ್ಮಾ, ಚಳಿ ಮುಗಿಯೋದ್ರೊಳಗೆ ಬರ್ತೀವಿ. ಈ ಸಲಾನೂ ಅವರನ್ನ ದಾರಿಹೋಕರ ಥರ ಕೂರಿಸಿದ್ರೆ, ಇನ್ನು ನಿನ್ನ ಮನೆ ಹೊಸ್ತಿಲು ತುಳಿಯಲ್ಲ."

ಇದ್ದೊಬ್ಬ ಮಗಳು. ಸ್ವೆಟರಮ್ಮ ಪೆಟ್ಟಿಗೆ ತೆಗೆದು ಬೀಗಿತ್ತಿಯ ಬಟ್ಟೆ ಹರಡಿದಳು. ಅಂಗೈಯಗಲದ ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು. ಹಳದಿ, ಕಪ್ಪು, ಕೆಂಪು ಚೌಕಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿದ್ದವು. ಎಲ್ಲೂ ಒಂದೆಳೆ ತಪ್ಪಿರಲಿಲ್ಲ. "ಅಬ್ಬಾ, ಏನು ಕೈಯಮ್ಮಾ ನಿಂದು!" ಎಂದು ಸತ್ತವಳನ್ನು ಮೊದಲ ಸಲ ಮಾತಾಡಿಸಿದಳು. ಅದೇ ಚಿತ್ತಾರವನ್ನು ಉಲ್ಲನ್ನಿನಲ್ಲಿ ಹೆಣೆಯಲು ಕೂತಳು. ಒಂದು ಬಣ್ಣ ಹೆಣೆಯುವಾಗ ಇನ್ನೊಂದು ಬಣ್ಣದ ದಾರ ಹಿಂದೆ ಸಡಿಲವಾಗಿ ಹಾಯಬೇಕು, ಬಿಗಿದರೆ ಮುಂದೆ ಸುಕ್ಕು. ಮನಸ್ಸು ನೆಟ್ಟಗಿಲ್ಲದ್ದಕ್ಕೆ ಬಿಗಿದೇ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

"ಇದೇನೇ, ಸ್ವೆಟರೋ ಜಮಖಾನವೋ?" ಗಂಡ ಕೆಣಕಿದರು.

"ಸುಮ್ನಿರಿ, ನಿಮಗೇನು ಗೊತ್ತು? ಆಳು ಹೇಗಿದಾನೆ ನೋಡಿಲ್ವಾ? ಬಾಗಿಲ ತುಂಬ ಇದಾನೆ."

ಅವರು ಬಂದರು. ಸ್ವೆಟರಮ್ಮ ನೆಲ ನೋಡುತ್ತಲೇ ಪೊಟ್ಟಣ ಕೊಟ್ಟಳು. ಅಳಿಯ ಬಿಡಿಸಿದ. ಚೌಕಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. "ನಮ್ಮಮ್ಮಂದು," ಎಂದ. ಅಂಗಿಯ ಮೇಲೆಯೇ ಹಾಕಿಕೊಂಡ.

ಅಯ್ಯೋ ದೇವರೇ! ಸ್ವೆಟರು ಹೆಗಲಿನಿಂದ ಜಾರಿ ಮೊಳಕಾಲಿಗೆ ಬಂತು. ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ. ಅದರಲ್ಲಿ ನಿಂತಿದ್ದವನು ಒಬ್ಬ ಸಣಕಲು ಹುಡುಗ.

ಸ್ವೆಟರಮ್ಮ ತಡವರಿಸಿದಳು. "ತಾಯಿ ಹೋದ ಕೊರಗು... ತುಂಬ ಸೊರಗಿಬಿಟ್ಟಿದ್ದಾರೆ, ಅಲ್ವೇನೇ?"

"ಇಲ್ಲಮ್ಮ," ಎಂದಳು ಮಗಳು. "ಮದುವೆ ದಿನಾನೂ ಹೀಗೇ ಇದ್ರು. ನೀನು ನೋಡೇ ಇಲ್ಲ."

ಕಂಡಕಂಡವರ ಅಳತೆ ಕಣ್ಣಲ್ಲೇ ತೆಗೆದವಳು ಮನೆಯ ಅಳಿಯನ ಅಳತೆಯನ್ನು ತನ್ನ ಹೆದರಿಕೆಯಿಂದ ತೆಗೆದಿದ್ದಳು. ನಾಚಿಕೆಯಿಂದ ಹಿಡಿಯಷ್ಟಾದಳು. ಮಗಳು ಆಗಲೇ ಚೀಲವನ್ನು ಹೆಗಲಿಗೇರಿಸಿದ್ದಳು. "ನಡೀರಿ, ಹೋಗೋಣ."

ಅಳಿಯ ಕದಲಲಿಲ್ಲ. "ಇರಲಿ ಬಿಡು," ಎಂದ ಹೆಂಡತಿಗೆ. ಆಮೇಲೆ ಸ್ವೆಟರಮ್ಮನ ಕಡೆ ತಿರುಗಿ, "ಒಳಗೆ ಇನ್ನೊಂದು ಅಂಗಿ ಹಾಕ್ಕೊಂಡ್ರೆ ಸರಿಹೋಗುತ್ತೆ, ಅತ್ತೆ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. "ಬೇಡಪ್ಪಾ, ಬಿಚ್ಚಿ ಹೊಸದಾಗಿ ಹಾಕಿಕೊಡ್ತೀನಿ," ಎಂದಳು ಸ್ವೆಟರಮ್ಮ. "ಬಾ ಇಲ್ಲಿ, ಕಿಟಕಿ ಹತ್ರ ನಿಂತ್ಕೋ. ಸರಿಯಾಗಿ ನೋಡ್ತೀನಿ."

ಅವನು ಬಂದು ನಿಂತ. ನಿಂತವನು ತಲೆ ತಗ್ಗಿಸಿಬಿಟ್ಟ. ತಾನು ನೋಡಿದಾಗಲೆಲ್ಲ ಅತ್ತೆ ಮುಖ ತಿರುಗಿಸುತ್ತಿದ್ದುದರಿಂದ ಈ ಮನೆಯಲ್ಲಿ ತಲೆ ತಗ್ಗಿಸುವುದೇ ಅವನಿಗೆ ಎಂದೋ ಅಭ್ಯಾಸವಾಗಿತ್ತು. "ತಲೆ ಎತ್ತು ಮಗಾ," ಎನ್ನಲು ಹೋದಳು ಸ್ವೆಟರಮ್ಮ. ಅದರ ಬದಲು ತಾನೇ ಬಗ್ಗಿ ಅವನ ಮುಖ ನೋಡಿದಳು.