ಮೂಗಿನ ಹತ್ತಿ

ಲಕ್ಷ್ಮಪ್ಪ ಹೆಣದ ಮೂಗಿಗೆ ಹತ್ತಿ ತುರುಕಿ ಕೈ ತೆಗೆಯುವಷ್ಟರಲ್ಲಿ ಬಾಳವ್ವ ಮುಂದೆ ಬಗ್ಗಿ ಎರಡೂ ಉಂಡೆ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ತಂಗೀ, ಹಿಂಗ ಮಾಡಬಾರದು. ಪದ್ಧತಿ ಐತಿ," ಅಂದ ಓಣಿಯ ಹಿರಿಯ ಲಕ್ಷ್ಮಪ್ಪ.

"ಉಸಿರಿದ್ದಾಗ ಮೂಗಿಗೊಂದು ಅರಿವಿ ತುಂಡು ಕೊಡಲಿಲ್ಲ ಆ ಕಾರ್ಖಾನಿಯವರು. ಈಗ್ಯಾಕ ಬೇಕಣ್ಣಾ?"

ಇಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಬಾಬಣ್ಣನನ್ನು ಮಗ್ಗದ ಪಕ್ಕ ಗೋಡೆಗೊರಗಿಸಿ ಕೂರಿಸಿದ್ದರು. ಮುಂದೆ ಲೋಬಾನದ ಕೆಂಡ. ಮಗಳು ಪ್ರಿಯದರ್ಶಿನಿ ಅಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಅವನು ದುಡಿದಿದ್ದ ಬಂಗಾರದ ಅದಿರು ಕಾರ್ಖಾನೆಯ ಅಧಿಕಾರಿ ಕೇದಾರ ಒಳಗೆ ಬಂದ. ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ಕಾಗದ. ಹೆಣ ಎತ್ತುವ ತನಕವೂ ತಡೆಯಲಾಗದ ಕಾಗದ!

"ಒಂದು ಸಹಿ ಅಷ್ಟ ರೀ ಬಾಳವ್ವಾರ. ಫೈಲ್ ಮುಗಸಬೇಕು."

ಪ್ರಿಯದರ್ಶಿನಿ ಕಸಿದುಕೊಂಡು ಗಟ್ಟಿಯಾಗಿ ಓದಿದಳು. "ಬೀಡಿ ಸೇದುವ ಚಟದಿಂದ ಶ್ವಾಸಕೋಶ ಕೆಟ್ಟು ಮರಣ." "ನಮ್ಮಪ್ಪ ಬೀಡಿ ಸೇದಿದ್ದು ಯಾವಾಗ ನೋಡೀರಿ?"

"ನಮ್ಮ ಡಾಕ್ಟರು ಬರದಾರ್ರಿ," ಎಂದು ಕೇದಾರ ಕಾಗದವನ್ನು ಅವಳ ಕೈಯಿಂದ ತಿರುಗಿ ತೆಗೆದುಕೊಂಡ.

*

ಅದಿರಿನ ಪುಡಿಯಲ್ಲಿ ಬಂಗಾರ ಗಂಧಕದೊಳಗೆ ಅಡಗಿ ಕೂತಿರುತ್ತದೆ. ಕುಲುಮೆಯಲ್ಲಿ ಹುರಿದು ಗಂಧಕ ಸುಟ್ಟ ಮೇಲೇ ಅದು ಕೈಗೆ ಹತ್ತುವುದು. ಹದ ಹೇಳುವ ಯಂತ್ರ ಕೆಟ್ಟು ಬಿದ್ದಿತ್ತು. ಅದರ ಬದಲಿಗೆ ಬಾಬಣ್ಣನ ಮೂಗಿತ್ತು. ಕುಲುಮೆಯ ಬಾಯಿಗೆ ಮುಖ ಒಡ್ಡಿ ಮೂಸುವನು. ಮೂಗು ಉರಿದರೆ ಪುಡಿ ಇನ್ನೂ ಹಸಿ, ಉರಿ ನಿಂತರೆ ಹದ. ಇಪ್ಪತ್ತೆರಡು ವರ್ಷ ಇದೇ ಕೆಲಸ. ಮುಖಕ್ಕೆ ಪಟ್ಟಿ ಕಟ್ಟಿದರೆ ವಾಸನೆ ತಿಳಿಯದೆಂದು ಪಟ್ಟಿಯನ್ನೂ ಕೊಡಲಿಲ್ಲ. ಮೂಗು ಕೆಟ್ಟೀತೆಂದು ಅವನು ಬೀಡಿ ಹಾಗಿರಲಿ, ಮೂಗಿಗೇರಿಸುವ ತಪಕೀರನ್ನೂ ಮುಟ್ಟಿದವನಲ್ಲ. "ನನ್ನ ಮೂಗಿಲ್ಲದ ಬಂಗಾರ ಹುಟ್ಟೂದಿಲ್ಲ" ಎಂದು ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದ, ಹುಚ್ಚ.

ಒಂದು ದಿನ ಸುತ್ತಲಿದ್ದವರೆಲ್ಲ ಕೆಮ್ಮುತ್ತ ಹೊರಗೋಡಿದರೂ ಇವನು ನಿಂತಲ್ಲೇ "ಹದಾ ಬಂತ್ರಿ" ಅಂದ. ಪುಡಿ ಪೂರ್ತಿ ಹಸಿಯಿತ್ತು. ಸತ್ತದ್ದು ಮೂಗು. ಮರುದಿನವೇ ಮನೆಗೆ ಕಳಿಸಿದರು.

ಬರುವಾಗ ಆ ಹಸಿ ಪುಡಿಯನ್ನು ಒಂದು ಗಂಟು ಕಟ್ಟಿ ತಂದಿದ್ದ. ದಿನಾ ಬೆಳಿಗ್ಗೆ ಒಲೆಯ ಕೆಂಡಕ್ಕೆ ಒಂದು ಚಿಟಿಕೆ ಉದುರಿಸಿ ಮೂಸುವನು.

"ಇವತ್ತರ ವಾಸನಿ ಬಂತೇನು?" ಬಾಳವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳುವಳು.

"ನಾಳೆ ಬರತೈತಿ ತಗೋ," ಅನ್ನುವನು, ದಮ್ಮು ಹತ್ತಿ ಮಾತು ನಿಂತುಹೋಗುವ ತನಕ.

*

"ಸಹಿ ಮಾಡ್ತೇನ್ರಿ ಸಾಹೇಬ್ರ," ಅಂದಳು ಬಾಳವ್ವ. "ಮೊದಲು ಇಲ್ಲೆ ಕೂಡ್ರಿ. ನನ್ನ ಗಂಡನ ಮಗ್ಗಲ."

"ಯವ್ವಾ, ಸಹಿ ಮಾಡಬ್ಯಾಡ!" ಎಂದು ಮಗಳು ಚೀರಿದಳು. ಕೇದಾರ ಕೂತ. ಬಾಳವ್ವ ಅಡುಗೆಮನೆಯಿಂದ ಗಂಟು ತಂದವಳೇ ಉಳಿದ ಪುಡಿಯನ್ನೆಲ್ಲ ಲೋಬಾನದ ಕೆಂಡಕ್ಕೆ ಸುರಿದಳು.

ಹೊಗೆ ಎದ್ದಿತು. ಮಂದಿ ಮೂಗು ಮುಚ್ಚಿ ಅಂಗಳಕ್ಕೆ ಓಡಿದರು. ಕೇದಾರ ಕರವಸ್ತ್ರ ಹುಡುಕುತ್ತ, ಕೆಮ್ಮುತ್ತ ಎದ್ದ. ಬಾಳವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ಬೀಡಿ ವಾಸನಿ ಏನ್ರಿ ಇದು? ಹೇಳ್ರಿ!"

ಕಾಗದ ಅವನ ಕೈಯಿಂದ ಜಾರಿ ಕೆಂಡಕ್ಕೆ ಬಿತ್ತು. ಬಾಳವ್ವ ಮುಷ್ಟಿ ಬಿಚ್ಚಿ ಆ ಎರಡು ಹತ್ತಿಯುಂಡೆ ಅವನ ಮುಖದ ಮುಂದೆ ಚಾಚಿದಳು.

"ಹಿಡೀರಿ. ಇವು ನಿಮಗ ಬೇಕು."

ಅವಳ ಹಿಂದೆ, ಹೊಗೆಯೊಳಗೆ, ಬಾಬಣ್ಣ ಒಮ್ಮೆಯೂ ಕೆಮ್ಮದೆ ತೆರೆದ ಮೂಗಿನಲ್ಲಿ ಕೂತಿದ್ದ.