ಪಿಳ್ಳಪ್ಪ ಮಲಗಿದ ಮನೆಗಳು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಕೊಂಡಪ್ಪನ ಪಕ್ಕಕ್ಕೆ, ಸತ್ತ ಪಿಳ್ಳಪ್ಪನ ಮಗ ಗೋವಿಂದರಾಜು ಫೋನು ಹಿಡಿದುಕೊಂಡೇ ಬಂದು ಕುಕ್ಕರುಗಾಲಲ್ಲಿ ಕೂತ.

"ಮಾವ, ಐನೋರು ಪಂಚಾಂಗ ನೋಡಿದ್ರು. ಅಪ್ಪ ಹೋಗಿರೋದು ಧನಿಷ್ಠಾ ಪಂಚಕದಲ್ಲಂತೆ. ಆರು ತಿಂಗ್ಳು ಮನೆ ಬಿಡ್ಬೇಕು ಅಂದ್ರು."

ಕೊಂಡಪ್ಪನ ಕೈ ನಿಂತಿತು. ಸೂಲಿಬೆಲೆ ಸುತ್ತಮುತ್ತ ಮೋಟಾರು ರಿಪೇರಿ ಮಾಡಿಕೊಂಡಿದ್ದ ಪಿಳ್ಳಪ್ಪ, ಕೆಟ್ಟ ನಕ್ಷತ್ರದ ಸಾವಿಗೆ ಯಾರೋ ಮನೆಗೆ ಬೀಗ ಹಾಕುತ್ತಾರೆಂದು ಕೇಳಿದರೆ ಸಾಕು, ಚಾಪೆ ಸುತ್ತಿಕೊಂಡು ಹೋಗಿ ಅಲ್ಲೇ ಮಲಗುತ್ತಿದ್ದ.

"ಇವನ ಗೊರ್ಕೆಗೆ ದೆವ್ವಗಳೇ ಊರು ಬಿಟ್ಟಿದ್ವು," ಎಂದ ಪಕ್ಕದಲ್ಲಿದ್ದ ಮುನಿಸ್ವಾಮಿ. "ಅವನ ವಿಚಾರವಾದಿ ದೋಸ್ತಿಗಳು ಒಬ್ರೂ ಕಾಣ್ತಿಲ್ವಲ್ಲೋ?"

"ವಾಟ್ಸಾಪಲ್ಲಿ ಕೈ ಮುಗಿದವ್ರೆ," ಎಂದ ಗೋವಿಂದರಾಜು.

ಶಾಮಿಯಾನ ಹಾಕಿಸಿದ್ದು, ಬೆಳಗಿನಿಂದ ಕಾಫಿ ಕಾಯಿಸುತ್ತಿದ್ದದ್ದು ಭಜನೆ ಮಂಡಳಿಯವರೇ.

*

ಕೊಂಡಪ್ಪನ ತಾಯಿ ಸತ್ತಾಗಲೂ ಇದೇ ಮಾತು ಬಂದಿತ್ತು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಹೋಗಲು ಬೇರೆ ಸೂರಿಲ್ಲ.

"ಏನಾದ್ರೂ ಬಂದ್ರೆ?" ಎಂದಿದ್ದ ಕೊಂಡಪ್ಪ.

"ಬರ್ಲಿ ಬಿಡ್ಲಾ. ಬಾಗ್ಲಿಗೆ ಅಡ್ಡ ಮಲಗಿರ್ತೀನಿ, ಮೊದ್ಲು ನನ್ನ ತುಳ್ಕೊಂಡು ಬರ್ಬೇಕು," ಎಂದಿದ್ದ ಪಿಳ್ಳಪ್ಪ.

ಆರು ತಿಂಗಳೂ ಮಲಗಿದ. ಏನೂ ಬರಲಿಲ್ಲ. ಮಗಳು ಪಾಸಾದಳು. ಮುಂದೆ ಕೊಂಡಪ್ಪ ಊರದೇವಿಯ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷನಾದಾಗ, ಮೈಕು ಹಿಡಿದು, "ಅವತ್ತು ನನ್ನ ಮನೆ ಕಾಯ್ದವಳು ಆ ತಾಯಿ" ಎಂದ. ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿ ಕೂತು ಪಿಳ್ಳಪ್ಪನೂ ಹೊಡೆದ.

*

"ನಾನು ಮನೆ ಬಿಡಲ್ಲ," ಎಂದಳು ಪಿಳ್ಳಪ್ಪನ ಹೆಂಡತಿ ಪಾಪಕ್ಕ. "ಅವರು ಊರೋರ ಮನೇನೆಲ್ಲಾ ಉಳಿಸಿದ್ರು. ಅವರ ಮನೆಗೇ ಬೀಗ ಹಾಕ್ತೀರಾ?"

ಸೊಸೆ ಶಾಮಲಾ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂಗೆ ಭಯ ಆಗುತ್ತೆ ಅತ್ತೆ," ಎಂದಳು.

ಪಾಪಕ್ಕ ಕೊಂಡಪ್ಪನತ್ತ ತಿರುಗಿದಳು. "ಕೊಂಡಣ್ಣ, ನಿನ್ ಮಾತು ಕೇಳ್ತಾರೆ. ನಿನ್ ಮನೇಲಿ ಏನಾದ್ರೂ ಆಯ್ತಾ? ಹೇಳು ಇವರಿಗೆ."

ಭಜನೆಯ ಹೆಂಗಸರು, ಸಮಿತಿಯವರು, ಎಲ್ಲರೂ ಅವನನ್ನೇ ನೋಡಿದರು.

"ಬಸುರಿ ಹೆಂಗ್ಸು ಇರೋ ಮನೆ, ಪಾಪಕ್ಕ. ಆರು ತಿಂಗ್ಳು ತಾನೆ."

"ನಾನ್ ಕೇಳಿದ್ದು ಅದಲ್ಲ."

ಕೊಂಡಪ್ಪ ತಲೆ ತಗ್ಗಿಸಿ, ಆಗಲೇ ಬಿಗಿಯಾಗಿದ್ದ ಗಂಟನ್ನು ಮತ್ತೆ ಎಳೆದ.

ಮಣ್ಣು ಮಾಡಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ಗೋವಿಂದರಾಜು ಫೋನಿನಲ್ಲೇ ಗೊತ್ತುಮಾಡಿದ್ದ ದೇವನಹಳ್ಳಿಯ ಬಾಡಿಗೆ ಮನೆಗೆ ಹೋಗಲು ಕಾರು ಬಂದು ನಿಂತಿತ್ತು. ಪಾಪಕ್ಕ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

"ಫ್ಯಾನು ತಿರುಗ್ತಾನೇ ಐತೆ. ಯಾರಾದ್ರೂ ಒಳಗೋಗಿ ಆಫ್ ಮಾಡಿ."

ಯಾರೂ ಅಲ್ಲಾಡಲಿಲ್ಲ. ಗೋವಿಂದರಾಜು ಬೀಗದ ಕೈಯನ್ನು ಕೊಂಡಪ್ಪನ ಮುಂದೆ ಹಿಡಿದ. ಕೊಂಡಪ್ಪ ಕೈ ಚಾಚಿದ. ಸಮಿತಿಯವರ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡ.

"ಮೀಟರ್ ಬೋರ್ಡು ಹೊರಗೇ ಐತಲ್ಲಪ್ಪಾ," ಎಂದ. "ಮೈನ್ ಇಳಿಸ್ಬಿಡು."

ಗೋವಿಂದರಾಜು ಇಳಿಸಿದ. ಒಳಗೆ, ಪಿಳ್ಳಪ್ಪನ ಬರಿಯ ಮಂಚದ ಮೇಲೆ, ಫ್ಯಾನು ತನ್ನ ಪಾಡಿಗೆ ಇನ್ನೊಂದಷ್ಟು ಸುತ್ತಿತು. ಆಮೇಲೆ ಅದರ ಒಂದೊಂದೇ ರೆಕ್ಕೆ ಕಣ್ಣಿಗೆ ಕಾಣತೊಡಗಿತು.