ಚಾಳಿನಲ್ಲಿ ಕೆಮ್ಮಬಾರದು

"ಕೆಮ್ಮಬ್ಯಾಡ ಅಂದ್ರ ತಿಳಿಯಂಗಿಲ್ಲೇನ ರಂಡೆ? ಗಿರಾಕಿ ಕಾಫಿ ಕುಡ್ಯಾಕತ್ತಾರ. ನಿನ್ನ ಗೂರಲ ಕೇಳಾಕ ಕೊಲ್ಲಾಪುರದಿಂದ ಬಂದಾರೇನ?"

ರಾವಸಾಹೇಬ ಇಷ್ಟನ್ನೂ ಸುಂದರಾಳ ಕಿವಿಯ ಹತ್ತಿರ ಬಾಗಿ, ನಗುನಗುತ್ತ ಹೇಳಿದ. ದೂರದಿಂದ ನೋಡಿದವರಿಗೆ ಮಾಲೀಕ ಮುದುಕಿಯ ಯೋಗಕ್ಷೇಮ ಕೇಳುತ್ತಿದ್ದಾನೆ ಅನ್ನಿಸಬೇಕು. ಸುಂದರಾ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮನ್ನು ನುಂಗಿದಳು.

ನಿಪ್ಪಾಣಿಯ ಆ ಮೂರಂತಸ್ತಿನ ಚಾಳನ್ನು ಅವನ ಅಜ್ಜ ತನ್ನ ತಂಬಾಕು ಗೋಡೌನಿನಲ್ಲಿ ದುಡಿಯುವ ಹೆಂಗಸರ ವಾಸಕ್ಕೆಂದು ಕಟ್ಟಿಸಿದ್ದ. ಅವರು ಇದ್ದಷ್ಟು ದಿನ ಒಡೆದ ಹಂಚೊಂದೂ ಬದಲಾಗಲಿಲ್ಲ. ತೊಂಬತ್ತಾರರ ಮಳೆಗಾಲದ ಮುಂಚೆ ಮೊಮ್ಮಗ "ಚಾಳ ಬೀಳಾಕತ್ತೈತಿ, ಜೀಂವಾ ಉಳಿಸ್ಕೋರಿ" ಎಂದು ಎಲ್ಲರನ್ನೂ ಹೊರಹಾಕಿ, ಸಾಮಾನು ತೆಗೆಯಲೂ ಬಿಡದೆ ಬೀಗ ಜಡಿದ. ಚಾಳೇನೂ ಬೀಳಲಿಲ್ಲ. ವಾರ್ನಿಶ್ ಹಚ್ಚಿಸಿಕೊಂಡು ಕಾಫಿ ಹೌಸ್ ಆಯಿತು. ಸುಂದರಾ ಮೂವರನ್ನು ಹೆತ್ತು, ಮೂವರನ್ನೂ ಮಣ್ಣಿಗೆ ಕಳಿಸಿದ ಖೋಲಿಯಲ್ಲಿ ಈಗ ಕಾಲೇಜಿನ ಜೋಡಿಗಳು ಒಂದೇ ಗ್ಲಾಸಿಗೆ ಎರಡು ಸ್ಟ್ರಾ ಹಾಕಿ ಕೋಲ್ಡ್ ಕಾಫಿ ಹೀರುತ್ತಿದ್ದವು. ಒಳಗೇ ಉಳಿದಿದ್ದ ಬೀಡಿ ಕಟ್ಟುವ ಮೊರಗಳು ಮೊಳೆ ಹೊಡೆಸಿಕೊಂಡು ಗೋಡೆಗೆ ಶೋಭೆ ತಂದಿದ್ದವು.

ಸುಂದರಾಳೂ ಶೋಭೆಯ ಸಾಮಾನೇ. ಬಾಗಿಲ ಬಳಿ ಬೀಡಿ ಸುತ್ತುತ್ತ ಕೂತು ಗಿರಾಕಿಗಳಿಗೆ ಹಳೇ ಕಾಲ ತೋರಿಸಬೇಕು. ಬದಲಿಗೆ ಮೆಟ್ಟಿಲ ಕೆಳಗೆ ಮಲಗಲು ಜಾಗ. ಅವಳಿಗೆ ಬೇರೆ ಜಾಗ ಇರಲಿಲ್ಲ. ಕೆಮ್ಮಬಾರದು ಎಂಬುದು ಒಂದು ಕರಾರಾದರೆ, ಎಲೆಯೊಳಗೆ ತಂಬಾಕು ಹಾಕಬಾರದು ಎಂಬುದು ಇನ್ನೊಂದು. ಕಾಫಿಗೆ ವಾಸನೆ ತಾಗುತ್ತದಂತೆ. ಹೀಗಾಗಿ ದಿನವಿಡೀ ಖಾಲಿ ಬೀಡಿ ಸುತ್ತುತ್ತಿದ್ದಳು.

ಶನಿವಾರ ಮಧ್ಯಾಹ್ನ, ಒಂದು ಕಾಲಕ್ಕೆ ಎದುರು ಖೋಲಿಯಲ್ಲಿದ್ದ ಹಮೀದಾಬಿ ಬಂದಳು.

"ಸಾವಕಾರ್ರ, ಮತ್ತ ಬೀಡಿ ಕೆಲಸಾ ಸಿಕ್ಕೈತ್ರಿ. ಆ ಗ್ವಾಡಿ ಮ್ಯಾಲಿಂದು ನನ್ನ ಮೊರಾರಿ. ನಮ್ಮವ್ವಂದು. ಕೊಡ್ರಿ, ಅಲ್ಲಾ ನಿಮಗ ಚಲೋ ಮಾಡ್ಲಿ."

"ಅದು ಡೆಕೋರೇಶನ್ ಐತಿ. ತಗದ್ರ ಗ್ವಾಡಿ ಭಣಭಣ ಕಾಣತೈತಿ. ನಡೀ, ನಡೀ."

ಹಮೀದಾಬಿ ಇನ್ನೇನೋ ಹೇಳಹೋದಳು. ಕೆಮ್ಮು ಬಂತು. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಯ್ಯ ಬಾಯಿ, ಟೀಬಿ ಇದ್ದೀತ!" ಒಳಗೆ ಒಬ್ಬಾಕೆ ಗ್ಲಾಸಿಗೆ ಅಂಗೈ ಮುಚ್ಚಿದಳು.

ರಾವಸಾಹೇಬ ಬಕೆಟ್ ತರಿಸಿ, ಹಮೀದಾಬಿ ಏಳುವ ಮೊದಲೇ ಮೆಟ್ಟಿಲಿಗೆ ಫಿನೈಲ್ ನೀರು ಸುರಿಸಿದ. ಅವಳು ಸೀರೆ ಹಿಂಡುತ್ತ, ಬೀದಿಯುದ್ದಕ್ಕೂ ಆಸ್ಪತ್ರೆಯಂತೆ ನಾರುತ್ತ ಹೋದಳು. ಸುಂದರಾ ನೋಡುತ್ತಲೇ ಇದ್ದಳು. ಕೈ ಮಾತ್ರ ತನ್ನ ಪಾಡಿಗೆ ಇನ್ನೊಂದು ಖಾಲಿ ಬೀಡಿ ಸುತ್ತಿ ಮುಗಿಸಿತ್ತು.

ಭಾನುವಾರ ಕಾಫಿ ಹೌಸ್ ಕಿಕ್ಕಿರಿದಿತ್ತು. ಸುಂದರಾ ಗೋಡೌನಿನ ಕಡೆಯಿಂದ ಒಂದು ಗಂಟು ತಂದಳು. ಕುರ್ಚಿ ಹತ್ತಿ ಹಮೀದಾಬಿಯ ಮೊರ ಇಳಿಸಿದಳು. ಹೊಸ ಆಟವೆಂದು ಗಿರಾಕಿಗಳು ತಿರುಗಿ ಕೂತರು.

"ಆಂಟಿ, ಇತ್ತಾಗ ನೋಡ್ರಿ, ಫೋಟೋ!"

"ತಡೀರೆವ್ವಾ. ಇವತ್ತ ಖರೇ ಹಳೇ ಕಾಲ ತೋರಸ್ತೀನಿ."

ಗಾಳಿಗೆ ಮಾಲು ಹಾರಬಾರದೆಂದು ಗೋಡೌನಿನಲ್ಲಿ ಕಿಟಕಿ ಮುಚ್ಚಿಯೇ ತಂಬಾಕು ಕೇರಬೇಕು ಎಂಬುದು ರಾವಸಾಹೇಬನ ಅಜ್ಜನ ಕಟ್ಟಳೆ. ಸುಂದರಾ ಅದನ್ನು ಮೀರಲಿಲ್ಲ. ಒಂದೊಂದಾಗಿ ಕಿಟಕಿ ಮುಚ್ಚಿ, ಸೆರಗನ್ನು ಮೂಗಿಗೆ ಬಿಗಿದು, ಗಂಟಿನ ತಂಬಾಕಿನ ಹುಡಿಯನ್ನು ಮೊರಕ್ಕೆ ಸುರಿದು, ಫ್ಯಾನಿನ ಕೆಳಗೆ ನಿಂತು ಕೇರತೊಡಗಿದಳು.

ಮೊದಲು ಒಂದು ಸೀನು. ಆಮೇಲೆ ಇಡೀ ಚಾಳು ಕೆಮ್ಮಿತು. ಸ್ಟ್ರಾಗಳು ಉರುಳಿದವು, ಕಣ್ಣು ಉರಿದವು, ಒಬ್ಬ ತನ್ನ ಜೋಡಿಯನ್ನು ತುಳಿದುಕೊಂಡೇ ಬಾಗಿಲಿಗೆ ಓಡಿದ.

"ಲೇ ಬೋಸಡೀ, ಫ್ಯಾನ್ ಬಂದ್..." ಎನ್ನುತ್ತ ನುಗ್ಗಿದ ರಾವಸಾಹೇಬ ಮಾತು ಮುಗಿಸಲಾಗದೆ ಮೊಣಕಾಲಿಗೆ ಕೈಯೂರಿ ಬಗ್ಗಿದ. ಮೂಗು, ಬಾಯಿ ಎರಡೂ ಸುರಿಯುತ್ತಿದ್ದವು.

ಸುಂದರಾ ಅವನ ಕಿವಿಯ ಹತ್ತಿರ ಬಾಗಿದಳು.

"ಕೆಮ್ಮಬ್ಯಾಡ್ರಿ ಸಾವಕಾರ್ರ. ಗಿರಾಕಿ ಅದಾರ."

ಮೆಟ್ಟಿಲ ಕೆಳಗಿನ ಕೌದಿಯನ್ನು ಎಳೆದುಕೊಂಡು, ಮೊರವನ್ನು ಕಂಕುಳಲ್ಲಿಟ್ಟು ಹೊರಬಂದಳು. ರಾತ್ರಿ ಎಲ್ಲಿ ಮಲಗುವುದೆಂದು ಗೊತ್ತಿರಲಿಲ್ಲ. ಬೀದಿಯ ನಟ್ಟನಡುವೆ ನಿಂತು, ಮೂಗಿನ ಸೆರಗು ಬಿಚ್ಚಿ, ಇಷ್ಟು ದಿನ ನುಂಗಿದ್ದನ್ನೆಲ್ಲ ಸೇರಿಸಿ ಕೆಮ್ಮತೊಡಗಿದಳು.